ಶಾಂತಮೂರ್ತಿಗೆ ಗುಳಿಗೆ

ಅಮರಯ್ಯನವರಿಗೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಮಗಳ ಕಂಪನಿಯವರ ಧಾರಾಳತನದಿಂದ. ಎರಡು ಸಾವಿರದ ಆರನೆಯ ಇಸವಿಯಲ್ಲಿ ಹೈದರಾಬಾದಿನ ಹೈಟೆಕ್ ಸಿಟಿಯ ಕಂಪನಿಗಳು ಕೆಲಸ ಬಲ್ಲ ಹುಡುಗ ಹುಡುಗಿಯರನ್ನು ಒಂದರ ಕೈಯಿಂದ ಒಂದು ಕಿತ್ತುಕೊಳ್ಳುತ್ತಿದ್ದವು. ಬಿಟ್ಟುಹೋಗದಿರಲಿ ಎಂದು ಊಟ ಕೊಟ್ಟರು, ಕ್ಯಾಬ್ ಕೊಟ್ಟರು, ಕಡೆಗೆ ಅಪ್ಪ ಅವ್ವಂದಿರ ರಕ್ತವನ್ನೂ ಪುಕ್ಕಟೆ ಪರೀಕ್ಷೆ ಮಾಡಿಸಿಕೊಟ್ಟರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆ ಅಕ್ಷರಶಃ ನಿಜವಾದದ್ದು ಆಗಲೇ.

ಹಾಗೆ ಒಂದು ಶನಿವಾರ ಬೆಳಿಗ್ಗೆ ಮಗಳು ಶ್ರೀವಿದ್ಯಾ ಅಪ್ಪ ಅವ್ವ ಇಬ್ಬರನ್ನೂ ತಾರ್ನಾಕದ ಮನೆಯಿಂದ ಹೊರಡಿಸಿ ದೊಡ್ಡದೊಂದು ಆಸ್ಪತ್ರೆಗೆ ಕರೆದೊಯ್ದಳು. ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟರು, ಇಡ್ಲಿ ತಿಂದು ಮತ್ತೆ ಕೊಟ್ಟರು. ಅವಳ ಅವ್ವ ಸುಮಂಗಲಾಗೆ ತನ್ನ ಸಕ್ಕರೆಯದೇ ಚಿಂತೆ. ಗಂಡನ ವಿಷಯದಲ್ಲಿ ಯಾವ ಚಿಂತೆಯೂ ಇರಲಿಲ್ಲ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಮೂವತ್ತೆರಡು ವರ್ಷದಿಂದ ಪುಸ್ತಕಗಳ ನಡುವೆ ಕೂತ ಮನುಷ್ಯ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಜೋರು ಮಾತಿಲ್ಲ. ಜೋರು ಏನು ಬಂತು, ಮಾತೇ ಇಲ್ಲ. ರಾಯಚೂರು, ಲಿಂಗಸುಗೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮಂದಿ ಅವರನ್ನು ಶಾಂತಮೂರ್ತಿ ಎಂದೇ ಕರೆಯುತ್ತಿದ್ದರು. ಯಾರ ಮನೆಯ ಜಗಳವಿದ್ದರೂ ನಡುವೆ ಅವರನ್ನು ಕೂರಿಸುತ್ತಿದ್ದರು. ಅವರು ಏನೂ ಹೇಳುತ್ತಿರಲಿಲ್ಲವಾದ್ದರಿಂದ ಎರಡೂ ಕಡೆಯವರಿಗೆ ಅವರು ತಮ್ಮ ಪರವೇ ಎನ್ನಿಸುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಹೊಗಳಿದರೆ ಸುಮಂಗಲಾ, "ಹಂಗಾದ್ರ ನಮ್ಮನಿ ತುಂಬ ಬಂಗಾರ ಐತಿ ಬಿಡ್ರಿ, ಕಾಲಿಡಾಕ ಜಾಗಿಲ್ಲ," ಎಂದು ನಗುತ್ತಿದ್ದಳು.

ಕೊನೆಗೆ ಒಬ್ಬ ನರ್ಸ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಳು. ತೆಲುಗಿನಲ್ಲಿ ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಆಗಿದೆ ಎಂದು ಗುರುತು ಹಾಕಬೇಕು. ಅಮರಯ್ಯನವರ ಕನ್ನಡಕ ಮನೆಯಲ್ಲಿ ಉಳಿದಿತ್ತು. ಸುಮಂಗಲಾ ಗಟ್ಟಿಯಾಗಿ ಓದುತ್ತ, ಉತ್ತರಕ್ಕೆ ಕಾಯದೆ ತಾನೇ ಗುರುತು ಹಾಕುತ್ತ ಹೋದಳು. ಯಾವುದರಲ್ಲೂ ಆಸಕ್ತಿ ಇಲ್ಲವೇ? ಇಲ್ಲ, ದಿನಾಲೂ ಇಲ್ಲ. ನಿದ್ದೆ ಬರುವುದಿಲ್ಲವೇ? ಬೆಳಗಿನ ಜಾವಕ್ಕೇ ಎದ್ದು ಗೋಡೆ ನೋಡುತ್ತ ಕೂರುತ್ತಾರೆ, ಅದೂ ದಿನಾಲೂ. ಸುಸ್ತು? ದಿನಾಲೂ. ಊಟ ಸೇರುವುದಿಲ್ಲವೇ? ಹಾಕಿದ್ದನ್ನು ಉಣ್ಣುತ್ತಾರೆ, ಸೇರಿತೋ ಇಲ್ಲವೋ ಶಿವನೇ ಬಲ್ಲ. ಬೇರೆಯವರ ಕಣ್ಣಿಗೆ ಕಾಣುವಷ್ಟು ನಿಧಾನವೇ? ಸುಮಂಗಲಾ ಮಗಳತ್ತ ತಿರುಗಿ, "ಈ ಹಾಳಿ ಬರದವರು ನಮ್ಮನ್ಯಾಗ ಬಾಡಿಗಿ ಇದ್ದರೇನವ್ವ?" ಎಂದಳು.

ಒಂಬತ್ತನೆಯದನ್ನು ಅರ್ಧ ಓದಿ ಅವಳ ದನಿ ಇಳಿಯಿತು. ಇದಕ್ಕಿಂತ ಸತ್ತರೆ ಚೆನ್ನಾಗಿತ್ತು ಎಂದು ಅನ್ನಿಸಿದೆಯೇ? "ಎಂಥಾ ಅನಿಷ್ಟ ಪ್ರಶ್ನಿ ಕೇಳ್ತಾರ," ಎಂದು ಗೊಣಗಿ ಇಲ್ಲ ಎನ್ನುವ ಕಡೆ ಪೆನ್ನು ಒಯ್ದಳು. ಅಮರಯ್ಯನವರು ಕೈ ಚಾಚಿ ಪೆನ್ನು ತೆಗೆದುಕೊಂಡರು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಕೆಲವು ದಿನ ಎನ್ನುವ ಚೌಕದಲ್ಲಿ ಗುರುತು ಹಾಕಿ, ಪೆನ್ನನ್ನು ಮರಳಿ ಅವಳ ಕೈಗೇ ಕೊಟ್ಟರು. ಆ ಪೆನ್ನನ್ನು ಏನು ಮಾಡಬೇಕೆಂದು ತಿಳಿಯದೆ ಸುಮಂಗಲಾ ಹಾಗೇ ಹಿಡಿದುಕೊಂಡು ಕೂತಳು.

ಆ ಹಾಳೆ ನೋಡಿದ ಮನೋವೈದ್ಯೆ ಅಮರಯ್ಯನವರನ್ನು ಒಬ್ಬರನ್ನೇ ಮುಕ್ಕಾಲು ಗಂಟೆ ಕೂರಿಸಿಕೊಂಡರು. ಆಮೇಲೆ ಸುಮಂಗಲಾಳನ್ನು ಕರೆದು, ಇವರಿಗೆ ಖಿನ್ನತೆ, ಡಿಪ್ರೆಷನ್, ಎಷ್ಟು ದಿನದಿಂದ ಹೀಗಿದ್ದಾರೆ ಎಂದು ತೆಲುಗಿನಲ್ಲಿ ಕೇಳಿದರು. ಮದುವೆಯಾದ ಮರುವರ್ಷದಿಂದ, ಈಗ್ಗೆ ಮೂವತ್ತೊಂದು ವರ್ಷ ಎಂದಳು ಸುಮಂಗಲಾ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಅದು ಅವರ ಸ್ವಭಾವವೆಂದು ಎಲ್ಲರೂ ತಿಳಿದಿದ್ದೀರಿ, ಅದು ಕಾಯಿಲೆ, ಔಷಧಿ ಇದೆ ಎಂದರು. ದಿನಕ್ಕೊಂದು ಗುಳಿಗೆ, ಬೆಳಿಗ್ಗೆ ತಿಂಡಿಯಾದ ಮೇಲೆ. ಮೊದಲ ಎರಡು ಮೂರು ವಾರ ಗುಣ ಕಾಣದು, ಹೊಟ್ಟೆ ತೊಳಸಬಹುದು. ಗುಣ ಕಂಡಿತೆಂದು ಬಿಡುವಂತಿಲ್ಲ. ಒಂಬತ್ತನೆಯ ಉತ್ತರದ ಕಾರಣ ಸದ್ಯಕ್ಕೆ ಅವರನ್ನು ಒಂಟಿಯಾಗಿ ಬಿಡಬೇಡಿ, ಪ್ರತಿ ವಾರ ಕರೆತನ್ನಿ.

ಸುಮಂಗಲಾಗೆ ತಲೆ ಬುಡ ತಿಳಿಯಲಿಲ್ಲ. ಯಾಕೆಂದರೆ ಗಂಡ ಯಾಕೆ ಮಾತು ಬಿಟ್ಟರು ಎನ್ನುವುದಕ್ಕೆ ಅವಳ ಬಳಿ ಆಗಲೇ ಒಂದು ಕಾರಣ ಇತ್ತು, ಮತ್ತು ಆ ಕಾರಣ ಅವಳೇ. ಅವಳು ಹೊಸದಾಗಿ ಸಂಸಾರ ಹೂಡಿದ ದಿನಗಳು. ಒಂದು ಮಧ್ಯಾಹ್ನ ಪಕ್ಕದ ಮನೆಯ ಗಿರಿಜಾಬಾಯಿಯ ಜೊತೆ ಸುಲ್ತಾನ್ ಬಜಾರಿಗೆ ಹೋಗಿ ನಾಲ್ಕು ತಾಸು ಬಳೆ, ಸೀರೆ ಎಂದು ತಿರುಗಿದಳು. ಆ ಹೊತ್ತಿನಲ್ಲೇ ಗಂಡನ ಹೆಸರಿಗೆ ಊರಿಂದ ತಂತಿ ಬಂತು: ತಾಯಿಗೆ ಸೀರಿಯಸ್, ಕೂಡಲೇ ಹೊರಡು. ಬಾಗಿಲಿಗೆ ಬೀಗ ಕಂಡು ತಂತಿಯವನು ವಾಪಸು ಹೋಗಿ, ಸಂಜೆ ಮತ್ತೆ ಬಂದು ಕೊಟ್ಟ. ಅಷ್ಟರಲ್ಲಿ ಊರ ಬಸ್ಸು ಹೋಗಿತ್ತು. ಮರುದಿನ ಲಿಂಗಸುಗೂರು ಮುಟ್ಟಿದಾಗ ತಾಯಿಯನ್ನು ಮಣ್ಣು ಮಾಡಿ ಮುಗಿದಿತ್ತು. ಅಮರಯ್ಯನವರು ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ಯಾವ ಮಾತನ್ನೂ ಅನ್ನಲಿಲ್ಲ. ಬೈದಿದ್ದರೆ ಬೈಗುಳ ತಿಂದು ಮುಗಿಯುತ್ತಿತ್ತು. ಅನ್ನದೆ ಉಳಿಸಿಕೊಂಡದ್ದು ಮುಗಿಯುವ ಹಾಗಿಲ್ಲ. ಅವಳು ಮತ್ತೆ ಸುಲ್ತಾನ್ ಬಜಾರಿಗೆ ಕಾಲಿಡಲಿಲ್ಲ. ಸೋಮವಾರ ಒಪ್ಪತ್ತು ಹಿಡಿದಳು.

ಈಗ ಡಾಕ್ಟರು ಅದು ಕಾಯಿಲೆ ಅನ್ನುತ್ತಾರೆ. ಕಾಯಿಲೆಯಾದರೆ ತನ್ನ ತಪ್ಪು ಏನಾಯಿತು? ತಪ್ಪಿನಿಂದಲೇ ಕಾಯಿಲೆ ಬಂತೋ? ಗುಳಿಗೆ ಗುಣ ಕೊಟ್ಟು ಈ ಮನುಷ್ಯ ಬಾಯಿ ತೆರೆದರೆ ಮೊಟ್ಟಮೊದಲು ಹೊರಬೀಳುವ ಮಾತು ಯಾವುದು? ಯಾರನ್ನು ಕೇಳುವುದೆಂದು ಅವಳಿಗೆ ತಿಳಿಯಲಿಲ್ಲ.

ಮೂರು ವಾರ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಆಗಲಿಲ್ಲ. ಐದನೆಯ ವಾರ ಅಮರಯ್ಯನವರು ಉಣ್ಣುತ್ತ, "ಸಾರು ಚಲೋ ಆಗೈತಿ," ಎಂದರು. ಸುಮಂಗಲಾಳ ಕೈಯ ಸೌಟು ನಿಂತಿತು. ಎರಡು ದಿನ ಬಿಟ್ಟು, ಈ ಸೀರೆ ಯಾವಾಗ ತಗೊಂಡೆ ಎಂದು ಕೇಳಿದರು. ಅದು ಎಂಟು ವರ್ಷದ ಹಳೆಯ ಸೀರೆ. ಬೆಳಿಗ್ಗೆ ಆರಕ್ಕೆ ಏಳತೊಡಗಿದರು. ತರಕಾರಿಯವಳ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡಿದರು. ಒಂದು ಭಾನುವಾರ ಯಾರದೋ ಮನೆಯ ಅಣ್ಣ ತಮ್ಮಂದಿರ ಜಗಳದ ನಡುವೆ ಎಂದಿನಂತೆ ಕೂರಿಸಿದರೆ, ತಮ್ಮನದೇ ತಪ್ಪು ಎಂದು ಸ್ಪಷ್ಟವಾಗಿ ಹೇಳಿಬಿಟ್ಟರು. ಅವರ ಹಳೆಯ ಗೆಳೆಯ ತಿಪ್ಪೇಸ್ವಾಮಿ ಅಡುಗೆಮನೆಯ ತನಕ ಬಂದು, "ಏನು ಔಷಧ ಕೊಡಾಕತ್ತೀರಿ ತಂಗಿ? ಅಂಥಾ ಮನುಷ್ಯ ಕೆಟ್ಟುಹೋದನಲ್ಲ," ಎಂದು ನೊಂದುಕೊಂಡ. ಶ್ರೀವಿದ್ಯಾ ಮಾತ್ರ ಕುಣಿಯುವುದೊಂದು ಬಾಕಿ. ಇಪ್ಪತ್ತನಾಲ್ಕು ವರ್ಷಕ್ಕೆ ಅವಳಿಗೆ ಅಪ್ಪ ಸಿಕ್ಕಿದ್ದ.

ಸುಮಂಗಲಾಗೂ ಸಂತೋಷವೇ. ಆದರೆ ಸಂತೋಷ ಹೆಚ್ಚಿದಷ್ಟೂ ಅಂಜಿಕೆ ಹೆಚ್ಚುತ್ತಿತ್ತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಮರಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೊಂದು ಮಾತು ಹೇಳೂದೈತಿ. ಭಾಳ ವರ್ಷದ ಮಾತು," ಎಂದರು. ಒಗ್ಗರಣೆ ಸೀಯುತ್ತದೆ, ಆಮೇಲೆ ಹೇಳ್ರಿ ಎಂದು ಬೆನ್ನು ತಿರುಗಿಸಿದಳು. ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ.

ಆ ದಿನವೇ ಗುಳಿಗೆಯ ಪಟ್ಟಿ ಮುಗಿಯಿತು. ಶ್ರೀವಿದ್ಯಾ ಟ್ರೈನಿಂಗ್ ಎಂದು ಪುಣೆಗೆ ಹೋಗಿದ್ದಳು. ಸುಮಂಗಲಾ ಚೀಟಿ ಹಿಡಿದು ಮೆಡಿಕಲ್ ಶಾಪಿನ ತನಕ ಹೋದಳು, ಎದುರಿಗೆ ನಿಂತಳು, ತಿರುಗಿ ಬಂದಳು. ಸ್ಟಾಕ್ ಇಲ್ಲಂತೆ, ನಾಳೆ ಬರುತ್ತದಂತೆ ಎಂದಳು. ಮರುದಿನವೂ ಅದೇ ಹೇಳಿದಳು. ಹಳೆಯ ಮೌನ ಮರಳಿ ಬರಲಿ ಎಂದು ಬೇಡುವಷ್ಟು ಕೆಟ್ಟವಳಲ್ಲ; ಆ ಒಂದು ಮಾತು ಮಾತ್ರ ಬಾರದಿರಲಿ ಎನ್ನುವ ಆಸೆ.

ಮೂರನೆಯ ಬೆಳಿಗ್ಗೆ ಅಮರಯ್ಯನವರು ಬಚ್ಚಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ತಲೆ ತಿರುಗುತ್ತದೆ, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ ಎಂದರು. ಮುಖ ಗುಳಿಗೆಗೆ ಮೊದಲಿನ ಹಾಗೆ ಬಿಳಿಚಿತ್ತು. ಆಸ್ಪತ್ರೆಯಲ್ಲಿ ಪೆನ್ನು ತೆಗೆದುಕೊಂಡ ಆ ಕೈ ಅವಳ ಕಣ್ಣಿಗೆ ಕಟ್ಟಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯವರನ್ನು ಕಾವಲಿಗೆ ಕರೆದು, ಬರಿಗಾಲಲ್ಲಿ ಅಂಗಡಿಗೆ ಓಡಿದಳು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು, ಇಂದಿನ ಒಂದೇ ಗುಳಿಗೆ ಕೊಡಿ, ತಪ್ಪಿದ್ದನ್ನು ಸೇರಿಸಿ ಕೊಡಬೇಡಿ, ಸಂಜೆ ಕರೆತನ್ನಿ, ಇನ್ನೊಮ್ಮೆ ಹೀಗೆ ತಟ್ಟನೆ ನಿಲ್ಲಿಸಬೇಡಿ ಎಂದು ಗದರಿದರು.

ಗುಳಿಗೆ ಕೊಟ್ಟು, ಪಕ್ಕದ ಮನೆಯವರು ಹೋದ ಮೇಲೆ ಅವಳು ಗಂಡನ ಎದುರು ನೆಲಕ್ಕೆ ಕೂತಳು.

"ಗುಳಿಗಿ ಅಂಗಡ್ಯಾಗ ಇತ್ರಿ. ನಾನ ತರಲಿಲ್ಲ."

"ಯಾಕ?"

"ನೀವು ಆ ಮಾತು ತಗೀತೀರಿ ಅಂತ ಅಂಜಿದೆ. ಅತ್ತಿ ಮಾರಿ ನೋಡದಂಗ ಮಾಡಿದಾಕಿ ನಾನು. ಬೈಯೂದಿದ್ರ ಈಗ ಬೈದುಬಿಡ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಅಮರಯ್ಯನವರು ಅರ್ಥವಾಗದೆ ನೋಡಿದರು. "ನೀ ಏನು ಮಾಡಿದಿ?"

"ಬಜಾರಕ್ಕ ಹೋಗಿದ್ದೆನಲ್ರಿ. ತಂತಿ ತಡಾ ಆತಲ್ಲ."

"ತಂತಿ ಬರೂಕಿಂತ ಮೊದಲ ನನಗ ಗೊತ್ತಿತ್ತು," ಎಂದರು ಅಮರಯ್ಯನವರು. "ಹನ್ನೆರಡಕ್ಕ ಅಣ್ಣ ಲೈಬ್ರರಿಗೆ ಟ್ರಂಕ್ ಕಾಲ್ ಮಾಡಿದ್ದ. ಎರಡಕ್ಕ ಬಸ್ಸಿತ್ತು. ಏಳಬೇಕಂತ ಕುಂತೆ. ಏಳಾಕ ಆಗಲಿಲ್ಲ. ಐದರ ತನಕ ಹಂಗ ಕುಂತಿದ್ದೆ. ಮನಿಗೆ ಬಂದ್ರ ನೀ ತಂತಿ ಹಿಡಕೊಂಡು ಅಳಾಕತ್ತಿದ್ದಿ. ಹೇಳಾಕ ಬಾಯಿ ಬರಲಿಲ್ಲ. ಮೊನ್ನೆ ಹೇಳಬೇಕಂದದ್ದು ಇದನ್ನ."

ಸುಮಂಗಲಾಗೆ ಮೊದಲು ಬಂದದ್ದು ನೆಮ್ಮದಿಯಲ್ಲ, ಸಿಟ್ಟು. ಕಿವಿ ಬಿಸಿಯಾಗುವಂಥ ಸಿಟ್ಟು. "ಮೂವತ್ತೊಂದು ವರ್ಷರಿ. ಸೋಮವಾರ ಸೋಮವಾರ ಉಪಾಸ ಬಿದ್ದೀನಿ."

"ದೇವರಿಗೆ ಮಾಡಾಕತ್ತಿ ಅಂತ ತಿಳಿದಿದ್ದೆ."

"ನಿಮ್ಮ ಸಿಟ್ಟಿಗೆ ಮಾಡಾಕತ್ತಿದ್ದೆ."

"ನನಗ ಸಿಟ್ಟ ಇರಲಿಲ್ಲ," ಎಂದರು ಅವರು. "ಏನೂ ಇರಲಿಲ್ಲ."

ಹೊರಗೆ ಬಸ್ಸೊಂದು ಸ್ಟಾಪಿನಲ್ಲಿ ನಿಂತು ಹೋಯಿತು. ಬಯ್ಯಲು ನೂರು ಮಾತು ಬಂದರೂ ಅವಳ ಬಾಯಿಂದ ಹೊರಟದ್ದು ಬೇರೆಯೇ. "ಫೋನು ಬಂದಾಗ ಅತ್ತಿ ಇನ್ನೂ ಇದ್ದರೇನ್ರಿ?"

"ಇದ್ದಳು. ಅಮರೂ ಎಲ್ಲಿ, ಅಮರೂ ಬಂದನೇನು ಅಂತ ಕೇಳಾಕತ್ತಿದ್ದಳಂತ." ಅವರು ಗುಳಿಗೆಯ ಪಟ್ಟಿಯನ್ನು ಕೈಗೆತ್ತಿಕೊಂಡರು. "ಗುಳಿಗಿ ಎಲ್ಲಾ ಹಗುರ ಮಾಡೇತಿ. ಇದೊಂದು ಹೋಗವಲ್ದು. ಮೊದಲು ಇದು ಇಷ್ಟು ಚುಚ್ಚತಿದ್ದಿಲ್ಲ. ಸಂಜಿಕಿ ಡಾಕ್ಟರ್‌ಗೆ ಕೇಳಿ ಇದಕ್ಕೂ ಒಂದು ಗುಳಿಗಿ ಬರೆಸೂಣೇನು?"

ಸುಮಂಗಲಾ ಅವರ ಮೊಣಕಾಲ ಮೇಲೆ ಕೈ ಇಟ್ಟಳು. ಯಾವುದು ರೋಗ, ಯಾವುದು ಪಾಪ, ಯಾವುದು ಯಾರದು ಎನ್ನುವುದು ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಇದೊಂದು ಮಾತ್ರ ಗೊತ್ತಿತ್ತು.

"ಇದಕ್ಕ ಗುಳಿಗಿ ಬ್ಯಾಡ್ರಿ," ಎಂದಳು. "ಇದು ರೋಗಲ್ಲ. ಇದು ನಿಮ್ಮವ್ವ."

ಅಮರಯ್ಯನವರು ಅತ್ತರು. ಮಣ್ಣಿನ ದಿನ ಅಳದವರು, ಐವತ್ತೆಂಟನೆಯ ವಯಸ್ಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸಣ್ಣ ಮಗುವಿನಂತೆ ದನಿ ತೆಗೆದು ಅತ್ತರು. ಸುಮಂಗಲಾ ತಡೆಯಲಿಲ್ಲ. ಅವಳ ಸಿಟ್ಟು ಇದ್ದಲ್ಲೇ ಇತ್ತು, ಎಳ್ಳಷ್ಟೂ ಇಳಿದಿರಲಿಲ್ಲ. ಇವತ್ತು ಅವರು ಅತ್ತುಕೊಳ್ಳಲಿ, ನಾಳೆ ತಾನು ಜಗಳ ತೆಗೆಯಬೇಕು, ಈಗ ತಿರುಗಿ ಮಾತಾಡುವ ಗಂಡ ಇದ್ದಾನಲ್ಲ ಎಂದುಕೊಂಡಳು.