ಮಾತಾಡದ ಪಾಲುದಾರರು

ಸಾಲದ ಮೇಡಂ ಬರುವ ದಿನ ನಾನು ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ. ದಡಕ್ಕೆ ಹೋಗಿ ನೋಡುವುದು, ವಾಪಸ್ ಬಂದು ಚಾಪೆ ಕೊಡವುವುದು, ಮತ್ತೆ ದಡಕ್ಕೆ ಹೋಗುವುದು. ಹನ್ನೆರಡಕ್ಕೆ ನೀರು ಇಳಿಯುತ್ತದೆ. ಅದರೊಳಗೆ ಆಕೆ ನಮ್ಮನ್ನು ಮಾತಾಡಿಸಿ ದೋಣಿ ಹತ್ತಬೇಕು. ತಡವಾದರೆ ದೋಣಿ ಹವಳದ ದಿಬ್ಬದ ಮೇಲೆ ಕೂರುತ್ತದೆ, ಆಕೆಗೆ ರಾಜಧಾನಿ ಸುವಾಕ್ಕೆ ವಾಪಸ್ ಹೋಗುವ ಹಡಗು ತಪ್ಪುತ್ತದೆ. ಆಮೇಲೆ ನಮ್ಮೂರಿನ ಕಡೆ ಯಾರು ತಲೆ ಹಾಕುತ್ತಾರೆ?

ನಮಗೆ ಬೇಕಿದ್ದದ್ದು ತೆಂಗಿನ ತುರಿ ಒತ್ತಿ ಎಣ್ಣೆ ತೆಗೆಯುವ ಯಂತ್ರ. ನನ್ನ ತಂಗಿ ಮೆರೆವಲೆಸಿ ಕೈಯಲ್ಲೇ ಹಿಂಡಿ ವಾರಕ್ಕೆ ಐದು ಲೀಟರ್ ತೆಗೆಯುತ್ತಿದ್ದಳು. ದ್ವೀಪದ ಆ ತುದಿಯ ಹೋಟೆಲಿನವರು ಇಪ್ಪತ್ತು ಕೇಳುತ್ತಿದ್ದರು. ನಮ್ಮ ನೆಲ ಕುಲದ್ದು, ಒತ್ತೆ ಇಡಲು ಬರುವುದಿಲ್ಲ. ಹಾಗಾಗಿ ಬ್ಯಾಂಕಿನವರು ನಮ್ಮ ಮುಖ ನೋಡುತ್ತಿರಲಿಲ್ಲ. ಈಗ ಸರ್ಕಾರವೇ ಜಾಮೀನು ನಿಲ್ಲುತ್ತದೆ ಎಂದು ಹೊಸ ಯೋಜನೆ ಬಂತು. ಇಬ್ಬರು ಪಾಲುದಾರರು ಇರಬೇಕು, ಇಬ್ಬರನ್ನೂ ಎದುರು ಕೂರಿಸಿ ವಿಚಾರಿಸುತ್ತಾರೆ ಎಂಬುದು ಷರತ್ತು.

ಅರ್ಜಿ ತುಂಬಿದವನು ನಾನು. ನನ್ನ ಹೆಸರು ಮೊದಲು, ತಂಗಿಯದು ಕೆಳಗೆ. ಅವಳ ಗಂಡ ವೈಸಲೆಯ ಕೈಯಲ್ಲಿ ಕಾಗದ ಕಳಿಸಿದೆ. ಸಹಿ ಹಾಕಿ ಕಳಿಸಿದಳು. ಅವಳು ಹೂಂ ಅಂದಳು ಎಂದು ವೈಸಲೆ ಹೇಳಿದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ನಾನೇ ಹೋಗಿ ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಒಬ್ಬರಿಗೊಬ್ಬರು ನೇರ ಮಾತಾಡುವುದಿಲ್ಲ. ಒಬ್ಬರ ಎದುರು ಇನ್ನೊಬ್ಬರು ಬಾಯಿ ಬಿಡುವುದೂ ಕಡಿಮೆ. ಜಗಳವಲ್ಲ, ಗೌರವ. ನನಗೀಗ ಐವತ್ತೆರಡು. ನನಗೆ ಹನ್ನೆರಡು ತುಂಬಿದ ಮೇಲೆ ಅವಳ ಹತ್ತಿರ ನಾನು ಒಂದು ಮಾತೂ ಆಡಿಲ್ಲ. ಬೇಕಾದ್ದನ್ನು ವೈಸಲೆಗೆ ಹೇಳುತ್ತೇನೆ, ಅವನು ಅವಳಿಗೆ ಹೇಳುತ್ತಾನೆ. ಭಾವ ಎಂಬ ಸಲಿಗೆಯಲ್ಲಿ ನಡುವೆ ನನ್ನನ್ನು ನಾಲ್ಕು ಸಲ ಗೇಲಿ ಮಾಡುತ್ತಾನೆ.

ಮೇಡಂ ಹತ್ತು ಗಂಟೆಗೆ ಬಂದಳು. ಹೆಸರು ಶಲೇಶ್ನಿ, ಸುವಾದಲ್ಲೇ ಬೆಳೆದ ಹುಡುಗಿ. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲಿ ನಡೆದು ಬಂದಳು. ಊರಿಗೆ ಬಂದವರು ಕೊಡಬೇಕಾದ ಕಾಣಿಕೆ ಎಂದು ಊರಿನ ಹಿರಿಯನಿಗೆ ಯಂಗೋನ ಬೇರಿನ ಕಟ್ಟು ಒಪ್ಪಿಸಿದಳು. ಅವನು ಸಾವಕಾಶವಾಗಿ ಹರಸಿದ, ಬೇರು ಅರೆದು ನೀರಲ್ಲಿ ಕಲಸಿದರು, ಕುಡಿಯುವ ಚಿಪ್ಪು ಎಲ್ಲರ ಕೈಗೂ ಸುತ್ತು ಬಂತು. ನನಗೆ ಒಳಗೊಳಗೇ ಸಿಡಿಮಿಡಿ. ವೈಸಲೆಯ ಮನೆಗೆ ಬಂದು ಕೂತಾಗ ಹನ್ನೊಂದು ದಾಟಿತ್ತು.

ನಾನು ಎದುರು ಕೂತೆ. ತಂಗಿ ಹಿಂಬಾಗಿಲ ಹತ್ತಿರ ಅತ್ತ ತಿರುಗಿ ಕೂತಳು. ಮೇಡಂ ಕೇಳಿದ್ದಕ್ಕೆಲ್ಲ ನಾನು ಪಟಪಟ ಉತ್ತರ ಕೊಟ್ಟೆ. ಆಮೇಲೆ ಆಕೆ ತಂಗಿಯ ಕಡೆ ತಿರುಗಿ, ಈ ವ್ಯಾಪಾರದಲ್ಲಿ ನಿಮ್ಮ ಕೆಲಸ ಏನು ಎಂದಳು. ತಂಗಿ ಚಾಪೆ ನೋಡಿದಳು. ಮೇಡಂ ಇನ್ನೊಂದು ಸಲ ಕೇಳಿದಳು. ಎಣ್ಣೆ ತೆಗೆಯುವುದು ಎಂದು ನಾನು ಹೇಳಿದೆ. ನಿಮ್ಮನ್ನು ಕೇಳಲಿಲ್ಲ ಎಂದಳು.

ಮೂರನೇ ಸಲವೂ ಉತ್ತರ ಬರದಿದ್ದಾಗ ಮೇಡಂ ಮುಖ ಬದಲಾಯಿತು. ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದಳು, "ಅಕ್ಕಾ, ಈ ಸಹಿ ನೀವೇ ಮಾಡಿದ್ದಾ? ಯಾರಾದ್ರೂ ಬಲವಂತ ಮಾಡಿ ಹಾಕಿಸಿದ್ರಾ?"

ನನ್ನ ರಕ್ತ ಕುದಿಯಿತು. ನೆಲಕ್ಕೆ ಗುದ್ದಿ, ನನ್ನನ್ನು ಕಳ್ಳ ಅಂತೀರಾ ಎಂದು ಕಿರುಚಿದೆ. ಮೇಡಂ ಕಾಗದದ ಮೇಲೆ ಏನೋ ಬರೆದುಕೊಂಡಳು. ಕೆಲಸ ಕೆಟ್ಟಿತು.

ವೈಸಲೆ ನಡುವೆ ಬಂದ. "ಮೇಡಂ, ಬಲವಂತ ಮಾಡ್ಬೇಕಾದ್ರೆ ಬಾಯಿ ಬಿಡ್ಬೇಕಲ್ಲ. ಇವಳ ಹತ್ರ ಇವನು ನಲವತ್ತು ವರ್ಷದಿಂದ ಬಾಯೇ ಬಿಟ್ಟಿಲ್ಲ. ಉಳಿದವರ ಹತ್ರ ಮುಚ್ಚಿಲ್ಲ, ಅಷ್ಟೇ." ನಮ್ಮ ಪದ್ಧತಿ ತಿಳಿಸಿ ಹೇಳಿ, ನನ್ನ ಕಡೆ ತಿರುಗಿದ. "ಭಾವ, ಎದ್ದು ಆಚೆ ಹೋಗು. ಇಲ್ಲಾಂದ್ರೆ ಯಂತ್ರದ ಬದಲು ನಿನ್ನನ್ನೇ ಹಿಂಡ್ಬೇಕಾಗುತ್ತೆ."

ಹೊರಗೆ ಬಂದೆ. ತಗಡಿನ ಗೋಡೆಗೆ ಒರಗಿ ನಿಂತೆ. ದಡದಲ್ಲಿ ದೋಣಿಯವನು ಸಿಳ್ಳೆ ಹಾಕುತ್ತಿದ್ದ, ನೀರು ಆಗಲೇ ಹಿಂದೆ ಸರಿದಿತ್ತು.

ಒಳಗಿಂದ ತಂಗಿಯ ದನಿ ಬಂತು. ಮೊದಲು ಸಣ್ಣಗೆ, ಆಮೇಲೆ ಸಲೀಸಾಗಿ. ಎಷ್ಟು ಕಾಯಿಗೆ ಎಷ್ಟು ಎಣ್ಣೆ, ಮಳೆಗಾಲದಲ್ಲಿ ಎಷ್ಟು ಕೆಡುತ್ತದೆ, ಬಾಟಲಿ ಎಲ್ಲಿಂದ ತರಬೇಕು. ಇದೆಲ್ಲ ಅವಳ ತಲೆಯಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಾಯಿತು. ಅಷ್ಟರಲ್ಲಿ ಮೇಡಂ, ಅಣ್ಣನ ಪಾಲುದಾರಿಕೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದಳು.

"ಇಲ್ಲ," ಎಂದಳು ತಂಗಿ. "ಅಣ್ಣ ಒಳ್ಳೆಯವನು. ಅವನ ಹಾಗೆ ಕಾಯಿ ಸುಲಿಯೋರು ಈ ದ್ವೀಪದಲ್ಲಿಲ್ಲ. ಆದ್ರೆ ಹೋದ ವರ್ಷ ಹಡಗುಕಟ್ಟೆ ಅಂಗಡಿಯವನು ಎಣ್ಣೆ ಕಮಟು ಅಂದಿದ್ದಕ್ಕೆ ಅಣ್ಣ ಅವನ ಬಾಗಿಲಲ್ಲೇ ಬಾಟಲಿ ಒಡೆದು ಬಂದ. ಆ ಅಂಗಡಿ ವ್ಯಾಪಾರ ಹೋಯ್ತು. ನಾಳೆ ಹೋಟೆಲಿನವರ ಮೇಲೂ ಹಾಗೇ ಹಾರಿದ್ರೆ? ಸುಮ್ನಿರು ಅಂತ ನಾನು ಹೇಳೋ ಹಾಗಿಲ್ಲ. ಸುಮ್ನಿರು ಅನ್ನೋಕಾಗದವನ ಜೊತೆ ವ್ಯಾಪಾರ ಹೆಂಗೆ ಮಾಡ್ಲಿ?"

ನಾನು ಗೋಡೆಯ ಆಚೆ ಇದ್ದೇನೆಂದು ಅವಳಿಗೆ ಗೊತ್ತಿತ್ತು.

ನೆಟ್ಟಗೆ ದಡಕ್ಕೆ ನಡೆದೆ. ಯಾರೂ ಹಿಂದೆ ಬರದಿದ್ದರೆ ಈಜಿಕೊಂಡೇ ಎಲ್ಲಾದರೂ ಹೋಗುತ್ತಿದ್ದೆನೇನೋ. ಮೇಡಂ ಕಾಗದ ಹಿಡಿದು ಓಡಿ ಬಂದಳು. ನನ್ನ ಜಾಗಕ್ಕೆ ವೈಸಲೆಯ ಹೆಸರು ಹಾಕಬಹುದು, ಆದರೆ ನಾನಾಗಿ ಬಿಟ್ಟುಕೊಟ್ಟೆ ಎಂದು ಸಹಿ ಮಾಡಬೇಕು. ಮಾಡದಿದ್ದರೆ ಪಾಲುದಾರರಲ್ಲಿ ಒಮ್ಮತವಿಲ್ಲ ಎಂದು ಬರೆದು ಅರ್ಜಿ ಮುಚ್ಚಬೇಕಾಗುತ್ತದೆ ಎಂದಳು. ದೋಣಿಯವನು ಹಗ್ಗ ಬಿಚ್ಚುತ್ತಿದ್ದ.

ಮುಚ್ಚಲಿ ಎಂದೆ. ನನ್ನ ಅರ್ಜಿ, ನನ್ನ ಓಡಾಟ, ನನಗಿಲ್ಲದ ಯಂತ್ರ ಯಾರಿಗೂ ಬೇಡ ಎಂದೆ.

ಏದುಸಿರು ಬಿಡುತ್ತಾ ಬಂದ ವೈಸಲೆ ಗೇಲಿ ಮಾಡಲಿಲ್ಲ. "ಭಾವ, ಅವತ್ತು ಅವಳು ಹೂಂ ಅನ್ನಲಿಲ್ಲ. ಅಣ್ಣನ ಮಾತು ಮೀರಬಾರ್ದು ಅಂತ ಸಹಿ ಹಾಕಿದ್ಲು, ಆಮೇಲೆ ಎರಡು ದಿನ ಊಟ ಬಿಟ್ಲು. ನಿನಗೆ ಹೇಳೋಕೆ ನನಗೆ ಹೆದರಿಕೆ ಆಯ್ತು."

ಇಪ್ಪತ್ತೈದು ವರ್ಷ ನನ್ನನ್ನು ಗೇಲಿ ಮಾಡಿಕೊಂಡು ಬಂದವನು, ಹೆದರಿಕೆ ಅಂದ. ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಮೇಡಂ ಕೈಯಿಂದ ಪೆನ್ನು ಕಿತ್ತುಕೊಂಡೆ. ದೋಣಿಯ ಅಂಚಿಗೆ ಕಾಗದ ಒತ್ತಿ, ಹರಿಯುವಷ್ಟು ಜೋರಾಗಿ ಸಹಿ ಗೀಚಿದೆ. ಆಮೇಲೆ ನಾನೂ ವೈಸಲೆಯೂ ಎದೆಮಟ್ಟದ ನೀರಿಗೆ ಬರುವ ತನಕ ದೋಣಿ ತಳ್ಳಿದೆವು.

ಯಂತ್ರ ಬಂದು ಮೂರು ತಿಂಗಳಾಯಿತು. ದಿನಕ್ಕೆ ಇನ್ನೂರು ಕಾಯಿ ಸುಲಿಯುತ್ತೇನೆ. ಶುಕ್ರವಾರ ವೈಸಲೆ ನನ್ನ ಕೂಲಿ ತಂದು ಕೊಡುತ್ತಾನೆ. ಊರಲ್ಲಿ ಕೆಲವರು ತಂಗಿಯ ಆಳು ಅನ್ನುತ್ತಾರೆ. ಅಂದವರಲ್ಲಿ ಇಬ್ಬರಿಗೆ ಏಟು ಕೊಟ್ಟಿದ್ದೇನೆ.

ಹೋದ ಗುರುವಾರ ಹೋಟೆಲಿನವನು ಬಂದ. ಎಣ್ಣೆಗೆ ಬೆರಳದ್ದಿ ಮೂಸಿ, ಮುಖ ಕಿವುಚಿ, ಬೆಲೆ ಇಳಿಸಿ ಎಂದ. ನಾನು ಅಂಗಳದಲ್ಲಿ ಕಾಯಿ ಸುಲಿಯುವ ಗೂಟದ ಹತ್ತಿರ ಇದ್ದೆ. ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿ ಎರಡು ಹೆಜ್ಜೆ ಇಟ್ಟೆ.

ಗೋಡೆಯ ಒಳಗಿಂದ ತಂಗಿ ಗಂಡನಿಗೆ ಹೇಳುವುದು ಕೇಳಿಸಿತು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ. "ರೀ, ಕಾಯಿ ಸುಲಿಯೋ ಸದ್ದು ಯಾಕೆ ನಿಂತು ಹೋಯ್ತು, ಸ್ವಲ್ಪ ನೋಡಿ."

ವೈಸಲೆ ಹೊರಗೆ ಬಂದು ಬಾಯಿ ತೆರೆದ. ಕೇಳಿಸಿತು ಎಂದು ಅವಳಿಗೆ ಹೇಳು ಅಂದೆ.

ಗೂಟಕ್ಕೆ ಮರಳಿ ಕಾಯಿ ಕುಕ್ಕಿದೆ. ಸಿಪ್ಪೆ ಸರಿಯಾಗಿ ಸೀಳಲಿಲ್ಲ. ತಂಗಿ ಬೆಲೆ ಇಳಿಸಲಿಲ್ಲ. ಹೋಟೆಲಿನವನು ಎಣ್ಣೆ ಕೊಳ್ಳದೆ ಹೋದ. ನಾಳೆ ಮತ್ತೆ ಗುರುವಾರ. ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬಂದರೆ ನಾನು ಸುಮ್ಮನಿರುತ್ತೇನೆಂದು ಈಗಲೇ ಹೇಳಲಾರೆ.