ಕ್ಲಿಫ್ ಮಾತಾಡಬೇಕಿದ್ದ ದಿನ

"ಬಿಡಬೇಡ, ಬಿಡಬೇಡ! ಎರಡನೇ ಸಲ ಟಂಗ್ ಅನ್ನೋವರೆಗೂ ಬೆರಳು ತೆಗೀಬೇಡ ಅಂದೆ!"

ಲೋರ್ನಾ ಟ್ರೆವಾರೋ ಎರಡು ಕೀಗಳನ್ನು ಒತ್ತಿ ಹಿಡಿದಿದ್ದಳು, ಕೂಗಿದ ವೇನ್ ಕೊಸ್ಕೆಲಾ ಇನ್ನೆರಡನ್ನು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪಿನ ಮೇಲೆ ಇಬ್ಬರೂ ಬಗ್ಗಿ ತಲೆಗೆ ತಲೆ ತಾಗಿಸಿಕೊಂಡು ನಿಂತಿದ್ದರು. ಯಂತ್ರ ಒಮ್ಮೆ ಟಂಗ್ ಎಂದಿತು, ಕತ್ತಲಾಯಿತು, ಮತ್ತೆ ಟಂಗ್ ಎಂದಿತು. ಇಬ್ಬರೂ ಕೈ ತೆಗೆದು ಉಸಿರು ಬಿಗಿಹಿಡಿದು ನೋಡಿದರು. ಬೂದು ಪರದೆಯ ನಡುವೆ ಮೆಲ್ಲಗೆ ಅದೇ ಗುರುತು ಮೂಡಿತು: ಒಂದು ಸೊನ್ನೆ, ಅದರ ಮೇಲೊಂದು ಓರೆಗೆರೆ. ಪ್ರವೇಶವಿಲ್ಲ ಎಂದು ರಸ್ತೆಯಲ್ಲಿ ನೆಟ್ಟಿರುತ್ತಾರಲ್ಲ, ಅದೇ. ಬೆಳಗಿನಿಂದ ಇದು ಒಂಬತ್ತನೆಯ ಸಲ.

"ಥತ್, ಇದರಜ್ಜಿ!" ಎಂದ ವೇನ್.

ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಲೋರ್ನಾಳ ಗಂಡ ಕ್ಲಿಫ್ ಕೂತಿದ್ದ. ನರಗಳ ಕಾಯಿಲೆ ನಾಲ್ಕು ವರ್ಷದಲ್ಲಿ ಅವನ ಕಾಲು, ಕೈ, ಕೊನೆಗೆ ನಾಲಿಗೆ, ಒಂದೊಂದನ್ನೇ ಕಿತ್ತುಕೊಂಡು ಹೋಗಿತ್ತು. ಉಳಿದದ್ದು ಎರಡು ಕಣ್ಣು. ಲ್ಯಾಪ್‌ಟಾಪಿನ ಕೆಳಗಿನ ಪುಟ್ಟ ಕ್ಯಾಮೆರಾ ಆ ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತದೆಂದು ನೋಡಿಕೊಳ್ಳುತ್ತಿತ್ತು, ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಓದುವ ದನಿಯೂ ಕ್ಲಿಫ್‌ನದೇ. ನಾಲಿಗೆ ಪೂರ್ತಿ ತೊದಲುವ ಮೊದಲು ಅವನು ಮೂರು ವಾರ ಕೂತು ಸಾವಿರದಾರುನೂರು ವಾಕ್ಯ ಓದಿ ತನ್ನ ದನಿಯನ್ನು ಹಿಡಿದಿಟ್ಟಿದ್ದ. ಆ ದನಿ ಈ ಒಂದು ಲ್ಯಾಪ್‌ಟಾಪಿಗೇ ಕಟ್ಟಿಹಾಕಿದ್ದು. ಬೇರೆಯದಕ್ಕೆ ವರ್ಗಾಯಿಸಲು ಅರ್ಜಿ ಹಾಕಿ ಎರಡು ವಾರ ಕಾಯಬೇಕು. ಈಗ ಕೈಯಲ್ಲಿ ಉಳಿದಿದ್ದದ್ದು ಒಂದೂಮುಕ್ಕಾಲು ಗಂಟೆಯ ಹೊತ್ತಷ್ಟೇ. ಎರಡಕ್ಕೆ ಸರಿಯಾಗಿ ಕೌಂಟಿಯಿಂದ, ಅಂದರೆ ಜಿಲ್ಲಾ ಕಚೇರಿಯಿಂದ, ಅಧಿಕಾರಿ ಬರುವವಳಿದ್ದಳು.

ಗ್ರೀನ್ ಬೇಯಲ್ಲಿರುವ ಮಗಳು ಜನೆಲ್ ಕೌಂಟಿಗೆ ಕಾಗದ ಬರೆದಿದ್ದಳು. ಅಮ್ಮನ ಕೈಲಿ ಇನ್ನು ಆಗುವುದಿಲ್ಲ, ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿಕೊಳ್ಳಿ ಎಂದು. ರೋಗಿಯ ಬುದ್ಧಿ ಸರಿಯಿರುವತನಕ ರೋಗಿಯ ಮಾತೇ ಕೊನೆ, ಆದರೆ ಆ ಮಾತನ್ನು ಅವನೇ ಆಡಬೇಕು, ಮನೆಯವರು ಕಣ್ಸನ್ನೆ ಓದಿ ಹೇಳಿದರೆ ನಡೆಯದು ಎಂದು ಕೌಂಟಿಯವರು ಉತ್ತರಿಸಿದ್ದರು. ಕ್ಲಿಫ್ ಬಾಯಿ ಬಿಡದಿದ್ದರೆ ಮಗಳ ಕಾಗದವೇ ಉಳಿಯುತ್ತದೆ. ಕ್ಲಿಫ್ ಹನ್ನೊಂದು ದಿನ ಕಣ್ಣಲ್ಲೇ ಒಂದೊಂದಕ್ಷರ ಆಯ್ದು ಹೇಳಬೇಕಾದ್ದನ್ನೆಲ್ಲ ಬರೆದು ಆ ಯಂತ್ರದೊಳಗೆ ಇಟ್ಟುಕೊಂಡಿದ್ದ. "ಏನ್ ಬರ್ದಿದ್ದೀಯೋ, ತೋರ್ಸೋ" ಎಂದು ವೇನ್ ಕೇಳಿದಾಗ, "ಅವತ್ತು ಕೇಳಿಸ್ಕೊ" ಎಂದಿತ್ತು ಯಂತ್ರ.

ಬರೆದದ್ದೇನೆಂದು ವೇನ್‌ಗೆ ಓದದೆಯೂ ಗೊತ್ತಿತ್ತು. ಇಶ್ಪೆಮಿಂಗಿನ ಕಬ್ಬಿಣದ ಗಣಿಯಲ್ಲಿ ಮೂವತ್ತೊಂದು ವರ್ಷ ಒಂದೇ ಪಾಳಿಯಲ್ಲಿ ದುಡಿದವರು ಅವರು. ಕ್ಲಿಫ್ ಅದಿರಿನ ಲಾರಿ ಓಡಿಸುತ್ತಿದ್ದ, ವೇನ್ ಅದರ ವೈರು ಸರಿಮಾಡುತ್ತಿದ್ದ. ಕಾಯಿಲೆಯ ಹೆಸರು ತಿಳಿದ ವಾರ ಇಬ್ಬರೂ ವೇನ್‌ನ ಮನೆಯ ಬಿಸಿಹಬೆಯ ಕೋಣೆಯಲ್ಲಿ, ಸೌನಾದಲ್ಲಿ, ಬೆವರು ಸುರಿಸುತ್ತ ಕೂತಿದ್ದಾಗ ವೇನ್ ಮಾತು ಕೊಟ್ಟಿದ್ದ: "ಯಾರು ಏನಾದ್ರೂ ಅನ್ಲಿ, ನಿನ್ನ ಆ ಜಾಗಕ್ಕೆ ಕಳ್ಸೋಕೆ ನಾನು ಬಿಡಲ್ಲ ಕಣೋ." ಕ್ಲಿಫ್ ಆಗ ಏನೂ ಅನ್ನದೆ ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹುಯ್ದಿದ್ದ.

"ನಿಜ ಹೇಳು ಲೋರ್ನಾ, ನೀನೇನಾದ್ರೂ ಒತ್ತಿದ್ಯಾ? ಅಪ್‌ಡೇಟು ಗಿಪ್‌ಡೇಟು ಅಂತ ಏನಾದ್ರೂ ಬಂದಿತ್ತಾ?"

"ನಾನೇನೂ ಮುಟ್ಟಿಲ್ಲಪ್ಪ! ನಿನ್ನೆ ಕರೆಂಟ್ ಹೋಯ್ತು, ಬ್ಯಾಟ್ರಿ ಮುಗೀತು, ಆರಿಹೋಯ್ತು. ಕರೆಂಟ್ ಬಂದ್ಮೇಲೆ ಗುಂಡಿ ಒತ್ತಿದೆ, ಈ ದರಿದ್ರ ಸೊನ್ನೆ ಬಂತು. ಎಷ್ಟ್ ಸಲ ಹೇಳ್ಲಿ?"

ಹಾಗೆಂದು ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು. ಒಲೆಯ ಮೇಲೆ ಕಾಯಿಸಲಿಟ್ಟ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಕಡುಬುಗಳ ತಳ ಹತ್ತುತ್ತಿರುವ ವಾಸನೆ ಬರುತ್ತಿತ್ತು. ವೇನ್‌ಗೆ ಅದು ಮೂಗಿಗೆ ಬಡಿಯಿತೇ ಹೊರತು ತಲೆಗೆ ಹೋಗಲಿಲ್ಲ.

ತಯಾರಿಸಿದ ಕಂಪನಿ ಇನ್ನು ಹೊಸ ಸಿಸ್ಟಮ್ ಕೊಡುವುದಿಲ್ಲವೆಂದು ಕೈಬಿಟ್ಟ ಲ್ಯಾಪ್‌ಟಾಪುಗಳಿಗೆ ಹೊಸದನ್ನು ಹಟಹಿಡಿದು ಹಾಕುವುದು ನಿವೃತ್ತಿಯ ನಂತರ ವೇನ್‌ಗೆ ಅಂಟಿದ ಹುಚ್ಚು. ಊರಲ್ಲಿ ಅರ್ಧ ಜನ ಅವನು ಬದುಕಿಸಿಕೊಟ್ಟ ಹಳೆಯ ಯಂತ್ರಗಳಲ್ಲೇ ಕಾಗದಪತ್ರ ನೋಡುತ್ತಿದ್ದರು. ಕ್ಲಿಫ್‌ನ ಮಾತಿನ ಪ್ರೋಗ್ರಾಮು ಹಳೆಯ ಸಿಸ್ಟಮಿನ ಮೇಲೆ ಕೂರುವುದಿಲ್ಲ ಎಂದಾಗ, "ಇಲ್ಲಿ ಕೊಡಿ, ಅದ್ ಹೇಗೆ ಕೂರಲ್ವೋ ನೋಡ್ತೀನಿ" ಎಂದವನೂ ಅವನೇ. ಎಂಟು ತಿಂಗಳು ಅದು ಒಂದು ದಿನವೂ ಆರದೆ ಓಡಿತ್ತು. ಹೆಮ್ಮೆಯಿಂದ ಅವನು ಅದನ್ನು ಚರ್ಚಿನಲ್ಲೂ ಹೇಳಿಕೊಂಡಿದ್ದ. 

ಗೊತ್ತಿದ್ದುದನ್ನೆಲ್ಲ ಮಾಡಿದ್ದಾಯಿತು. ಶಿಫ್ಟ್ ಕೀ ಹಿಡಿದು ನೋಡಿದ. ನೆನಪಿನ ಚಿಪ್ ಒರೆಸಿದ. ರಿಪೇರಿ ಪರದೆಗೆ ಹೋಗಿ ಡಿಸ್ಕನ್ನು ತಪಾಸಣೆ ಮಾಡಿಸಿದ. ಡಿಸ್ಕಿಗೆ ಏನೂ ಆಗಿರಲಿಲ್ಲ. ಕ್ಲಿಫ್‌ನ ದನಿ, ಕ್ಲಿಫ್‌ನ ಮಾತು ಎಲ್ಲ ಒಳಗೇ ಇತ್ತು, ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ.

"ನೋಡು, ಗಡಿಯಾರ ನೋಡ್ತಿದ್ದಾನೆ ಪಾಪ" ಎಂದ ವೇನ್. ಕ್ಲಿಫ್‌ನ ಕಣ್ಣು ಅಡುಗೆಮನೆಯ ಕಡೆಗಿತ್ತು, ಫ್ರಿಜ್ಜಿನ ಮೇಲ್ಗಡೆ. ಅಲ್ಲೇ ಗೋಡೆಯಲ್ಲಿ ಗಡಿಯಾರ. "ಗೊತ್ತು ಕಣೋ, ಟೈಮಾಯ್ತು. ಮಾಡ್ತಿದ್ದೀನಿ."

"ಬಾಯಾರಿಕೆ ಇರ್ಬೇಕು" ಎಂದು ಲೋರ್ನಾ ಹೋಗಿ, ನೆತ್ತಿಗೇರದಂತೆ ಪುಡಿ ಬೆರೆಸಿ ಮಂದಮಾಡಿದ ನೀರನ್ನು ಚಮಚದಲ್ಲಿ ತಂದಳು. ಕ್ಲಿಫ್ ಕಣ್ಣು ಬಿಗಿಯಾಗಿ ಮುಚ್ಚಿದ. ಬಿಗಿಯಾಗಿ ಮುಚ್ಚಿದರೆ ಬೇಡ, ಒಮ್ಮೆ ಮಿಟುಕಿಸಿದರೆ ಹೌದು. "ಕುಡಿ ಮಾರಾಯ, ಬೆಳಗಿಂದ ಒಂದ್ ಹನಿ ಹೋಗಿಲ್ಲ" ಎಂದು ಅವಳು ತುಟಿಗೇ ಹಿಡಿದಳು. ಅವನು ಮತ್ತೆ ಮುಚ್ಚಿದ, ತೆರೆದ, ಮತ್ತೆ ಅದೇ ಕಡೆ ನೋಡಿದ.

ಒಂದೂವರೆಗೆ ಇನ್ನೈದು ನಿಮಿಷವಿದ್ದಾಗ ವೇನ್ ಕನ್ನಡಕ ತೆಗೆದು ಹಣೆ ತಿಕ್ಕಿಕೊಂಡ.

"ಒಂದೇ ದಾರಿ ಉಳ್ದಿರೋದು. ಎಲ್ಲಾ ಅಳ್ಸಿ ಹೊಸದಾಗಿ ಹಾಕ್ಬೇಕು. ಅರ್ಧ ಗಂಟೆ ಹಿಡಿಯುತ್ತೆ."

"ಎಲ್ಲಾ ಅಂದ್ರೆ? ಅವನ ದನಿ?"

"ಹೋಗುತ್ತೆ."

"ಬರ್ದಿಟ್ಟಿದ್ದು?"

"ಅದೂ ಹೋಗುತ್ತೆ ಲೋರ್ನಾ. ಆದ್ರೆ ಯಂತ್ರದ ಜೊತೆ ಬರೋ ಯಾವುದೋ ಹುಡುಗನ ದನೀಲಾದ್ರೂ 'ನಾನು ಮನೇಲೇ ಇರ್ತೀನಿ' ಅಂತ ಮೂರು ಪದ ಹೇಳ್ಬಹುದು. ಮೂರೇ ಪದ ಸಾಕು."

ಲೋರ್ನಾ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆ ದನಿಯೇ ಅವಳಿಗೆ ಉಳಿದಿದ್ದ ಗಂಡ. ವೇನ್ ಪರದೆಯ ಮೇಲೆ 'ಅಳಿಸು' ಎಂಬಲ್ಲಿಗೆ ಬಾಣ ತಂದು ನಿಲ್ಲಿಸಿದ. ಬೆರಳು ಇಳಿಯಲಿಲ್ಲ. ಹಾಗೆ ನೋಡಿದರೆ ಬೆಳಗಿನಿಂದ ಅವನು ಕ್ಲಿಫ್‌ನನ್ನು ಒಂದು ಮಾತೂ ಕೇಳಿರಲಿಲ್ಲ. ಕುರ್ಚಿ ತಿರುಗಿಸಿ ಅವನ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಹೋದ.

"ಕ್ಲಿಫ್, ಅಳ್ಸಿಬಿಡ್ಲಾ?"

ಕ್ಲಿಫ್ ಮುಖದ ಮಾಂಸವೆಲ್ಲ ಸುಕ್ಕಾಗುವಷ್ಟು ಬಿಗಿಯಾಗಿ ಕಣ್ಣು ಮುಚ್ಚಿದ. ತೆರೆದವನೇ ಫ್ರಿಜ್ಜಿನ ಕಡೆ ನೋಡಿದ, ವೇನ್‌ನನ್ನು ನೋಡಿದ, ಮತ್ತೆ ಫ್ರಿಜ್ಜಿನ ಕಡೆ. ಕಣ್ಣಂಚಿನಲ್ಲಿ ನೀರು ತುಂಬಿತ್ತು. ದುಃಖದ್ದಲ್ಲ, ಸಿಟ್ಟಿನದು. ಲಾರಿಯ ಬ್ರೇಕು ಕೆಟ್ಟಿದೆಯೆಂದು ಮೂರು ಸಲ ಹೇಳಿದರೂ ಮೇಸ್ತ್ರಿ ಕೇಳದಿದ್ದ ದಿನ ಕ್ಲಿಫ್ ಹೀಗೇ ನೋಡಿದ್ದು ವೇನ್‌ಗೆ ನೆನಪಾಯಿತು.

"ನೀನು ಗಡಿಯಾರ ನೋಡ್ತಿಲ್ಲ, ಅಲ್ವಾ?"

ಒಂದು ಮಿಟುಕು.

"ಏನೋ ಹೇಳ್ಬೇಕು."

ಇನ್ನೊಂದು ಮಿಟುಕು. ವೇನ್ ಅಕ್ಷರದ ಹಲಗೆ ಹುಡುಕಿ ತಂದ. ಪಾರದರ್ಶಕ ಹಲಗೆಯನ್ನು ಇಬ್ಬರ ನಡುವೆ ಹಿಡಿದು ಕಣ್ಣು ಯಾವ ಅಕ್ಷರದಲ್ಲಿ ನಿಂತಿತೆಂದು ಊಹಿಸಬೇಕು. ವೇನ್‌ಗೆ ಆ ತಾಳ್ಮೆ ಯಾವತ್ತೂ ಇರಲಿಲ್ಲ. ಯಂತ್ರವಿದೆಯಲ್ಲ ಎಂದು ಅದನ್ನು ಮೂಲೆಗೆ ತಳ್ಳಿದವನೂ ಅವನೇ. ಎರಡು ಸಲ ತಪ್ಪು ಓದಿದ, ಬೈಸಿಕೊಂಡವನ ಹಾಗೆ ಮತ್ತೆ ಶುರುಮಾಡಿದ. ಹನ್ನೆರಡು ನಿಮಿಷಕ್ಕೆ ಎರಡು ಪದ ಕೂಡಿದವು: ಕ್ಲಿಪ್ಪಿನ ಡಬ್ಬಿ.

ಫ್ರಿಜ್ಜಿನ ಮೇಲೆ ಹಳೆಯ ಕಾಫಿ ಡಬ್ಬಿಯೊಂದಿತ್ತು, ಬಟ್ಟೆ ಒಣಹಾಕುವ ಕ್ಲಿಪ್ಪುಗಳದ್ದು. ವೇನ್ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಮರದ ಕ್ಲಿಪ್ಪುಗಳ ಜೊತೆ ಕಪ್ಪು ಪೆನ್‌ಡ್ರೈವೊಂದು ಉರುಳಿತು. ಅದಕ್ಕೊಂದು ಬಿಳಿ ಪಟ್ಟಿ, ಪಟ್ಟಿಯ ಮೇಲೆ ವೇನ್‌ನ ಕೈಬರಹ: 'ಕ್ಲಿಫ್‌ದು. ತೆಗೀಬೇಡಿ.'

ವೇನ್‌ಗೆ ಈಗ ಅರ್ಥವಾಯಿತು. ಕೈಬಿಟ್ಟ ಯಂತ್ರ ಹೊಸ ಸಿಸ್ಟಮನ್ನು ಒಪ್ಪಬೇಕಾದರೆ ಶುರುವಾಗುವ ಆ ಒಂದು ಗಳಿಗೆಯಲ್ಲಿ ಅದನ್ನು ನಂಬಿಸುವ ಪುಟ್ಟ ಪ್ರೋಗ್ರಾಮು ಬೇಕು. ಅದನ್ನು ಮೊದಲು ಪೆನ್‌ಡ್ರೈವಿನಲ್ಲಿ ಮಾಡುತ್ತಾರೆ, ಕೊನೆಗೆ ಮರೆಯದೆ ಒಳಗಿನ ಡಿಸ್ಕಿಗೆ ನಕಲಿಸುತ್ತಾರೆ. ಎಂಟು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಕ್ಲಿಫ್‌ನ ದನಿ ಮೊದಲ ಸಲ "ಏನಯ್ಯಾ ವೇನ್" ಎಂದಿತ್ತು. ಲೋರ್ನಾ ಅತ್ತಿದ್ದಳು, ಬಿಯರ್ ಬಂದಿತ್ತು. ನಕಲಿಸುವುದನ್ನು ನಾಳೆ ಮಾಡೋಣವೆಂದು ಪಟ್ಟಿ ಅಂಟಿಸಿ, ಪೆನ್‌ಡ್ರೈವನ್ನು ಯಂತ್ರದಲ್ಲೇ ಬಿಟ್ಟು ಎದ್ದು ಹೋದವನು, ಮಾಡಿಯಾಗಿದೆಯೆಂದೇ ನಂಬಿಕೊಂಡುಬಿಟ್ಟಿದ್ದ. ಯಂತ್ರ ಆರದಿರುವತನಕ ಪೆನ್‌ಡ್ರೈವ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

"ತಪ್ಪು ನಂದು" ಎಂದ. "ಅಪ್‌ಡೇಟೂ ಇಲ್ಲ, ಏನೂ ಇಲ್ಲ. ನನ್ನದೇ ತಪ್ಪು. ಆದ್ರೆ ಇದನ್ನ ಇಲ್ಲಿ ಹಾಕಿದ್ಯಾರು?"

ಕ್ಲಿಫ್‌ನ ಕಣ್ಣು ಲೋರ್ನಾಳ ಮೇಲಿತ್ತು.

"ನಾನಾ?" ಎಂದಳು ಅವಳು. "ನಾನಲ್ಲ. ನಾನ್ಯಾಕೆ... ಯಾವಾಗ?" ಪಟ್ಟಿಯನ್ನು ಓದಿದಳು, ಮತ್ತೊಮ್ಮೆ ಓದಿದಳು. "ನಂಗೆ ನೆನಪೇ ಇಲ್ಲ ವೇನ್. ದೇವ್ರಾಣೆ ನೆನಪಿಲ್ಲ." ಅಲ್ಲೇ ಕುರ್ಚಿಯಲ್ಲಿ ಕುಸಿದಳು. ಆಗ ಅವಳಿಗೂ ಪ್ಯಾಸ್ಟಿ ಸೀದ ವಾಸನೆ ಬಂತು.

ವೇನ್ ಒಲೆ ಆರಿಸಿ ಬಂದು ಪೆನ್‌ಡ್ರೈವ್ ಚುಚ್ಚಿ ಕೀ ಒಂದನ್ನು ಹಿಡಿದು ಗುಂಡಿ ಒತ್ತಿದ. ಟಂಗ್. ಪರದೆಯ ಮೇಲೆ ಎರಡು ಚಿತ್ರ ಬಂದವು, ಅವನು ಎರಡನೆಯದನ್ನು, ಪೆನ್‌ಡ್ರೈವಿನದನ್ನು, ಆರಿಸಿದ. ಬಿಳಿ ಗೆರೆಯೊಂದು ಕಾಲು ಭಾಗ ತೆವಳಿತು, ನಿಂತಿತು. ಹೊರಗೆ ಅರೆಕರಗಿದ ಮಂಜಿನ ಮೇಲೆ ಕಾರಿನ ಚಕ್ರ ತಿರುಗಿದ ಸದ್ದು. ಗೆರೆ ಇನ್ನೂ ನಿಂತೇ ಇತ್ತು. "ಹೋಗೇ ತಾಯಿ, ಹೋಗೇ" ಎಂದು ವೇನ್ ಎಪ್ಪತ್ತರ ವಯಸ್ಸಿನಲ್ಲಿ ಲ್ಯಾಪ್‌ಟಾಪಿಗೆ ಕೈಮುಗಿದ. ಗೆರೆ ಅಲುಗಿತು, ಓಡಿತು, ಅಕ್ಷರಗಳ ಪರದೆ ತೆರೆದುಕೊಂಡಿತು. ಕ್ಯಾಮೆರಾದ ಕೆಂಪು ಚುಕ್ಕಿ ಕ್ಲಿಫ್‌ನ ಕಣ್ಣನ್ನು ಹುಡುಕಿ ಹಿಡಿಯಿತು.

"ಬೆಳಗಿಂದ ಫ್ರಿಜ್ ನೋಡ್ತಿದ್ದೀನಿ" ಎಂದಿತು ಕ್ಲಿಫ್‌ನ ದನಿ. "ಗೂಬೆ."

ವೇನ್ ನಕ್ಕ. ನಗು ಅಳುವಿನ ಅಂಚಿಗೆ ಹೋಗಿ ವಾಪಸು ಬಂತು.

ಕೌಂಟಿಯ ಅಧಿಕಾರಿ ಶೆರಿ ಡುಕೆಟ್ ಬೂಟು ಬಿಚ್ಚಿ ಬಾಗಿಲಲ್ಲಿಟ್ಟು ದಪ್ಪ ಕಾಲುಚೀಲದಲ್ಲಿ ಒಳಗೆ ಬಂದಳು. ಸೀದ ವಾಸನೆಗೆ ಮೂಗು ಮುರಿಯದೆ ಕುರ್ಚಿಯನ್ನು ಕ್ಲಿಫ್‌ನ ಎದುರಿಗೇ ಎಳೆದುಕೊಂಡು, ಮಿಕ್ಕವರು ಮಾತಾಡಬಾರದೆಂದು ಕೇಳಿಕೊಂಡಳು. ವೇನ್ ಗೋಡೆಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತ. ಗೆದ್ದೆ ಎಂದೇ ಅವನಿಗೆ ಅನಿಸಿತ್ತು.

"ನಿಮಗೆ ಏನು ಬೇಕು ಅಂತ ನಿಮ್ಮ ಮಾತಲ್ಲೇ ಹೇಳಿ, ಮಿಸ್ಟರ್ ಟ್ರೆವಾರೋ."

ಕ್ಲಿಫ್‌ನ ಕಣ್ಣು ಬರೆದಿಟ್ಟದ್ದರ ಮೇಲೆ ಹೋಗಿ ನಿಂತಿತು.

"ನನ್ನ ಹೆಸರು ಕ್ಲಿಫರ್ಡ್ ಟ್ರೆವಾರೋ. ನನ್ನ ತಲೆ ಸರಿಯಾಗಿದೆ. ವೇನ್‌ನ ಕೇಳ್ಬೇಡಿ, ಅವನದು ಸರಿಯಿಲ್ಲ. ನನ್ನ ಆರೈಕೆ ಕೇಂದ್ರಕ್ಕೆ ಕರ್ಕೊಂಡ್ಹೋಗಿ. ಇದನ್ನ ಯಾರೂ ಹೇಳಿಕೊಟ್ಟಿಲ್ಲ. ಏಳು ತಿಂಗಳಿಂದ ನನ್ನ ಹೆಂಡ್ತಿ ಒಂದೇ ಸಲಕ್ಕೆ ಎರಡು ಗಂಟೆ ಮಲಗಿದ್ದಿಲ್ಲ. ಔಷಧಿಯನ್ನ ಸಕ್ಕರೆ ಡಬ್ಬಿಗೆ ಹಾಕ್ತಾಳೆ. ನಿಂತಲ್ಲೇ ನಿದ್ದೆ ಹೋಗ್ತಾಳೆ. ಅವಳು ಬೀಳ್ತಾಳೆ ಅಂತ ನಂಗೆ ಗೊತ್ತು, ಹಿಡ್ಕೊಳ್ಳಕ್ಕೆ ಕೈ ಇಲ್ಲ. ನನ್ನ ಕೈಲಾಗೋದು ನೋಡೋದು ಒಂದೇ. ಸಾಕಷ್ಟು ನೋಡಿದ್ದೀನಿ."

ವೇನ್‌ನ ಕಟ್ಟಿದ ಕೈ ತಾನಾಗಿಯೇ ಇಳಿಯಿತು. ಮೋಸಹೋದವನ ಹಾಗೆ ಮೊದಲು ಸಿಟ್ಟು ಬಂತು. ಸೌನಾದಲ್ಲಿ ಮಾತು ಕೊಟ್ಟವನು ತಾನು, ಕ್ಲಿಫ್ ಕೇಳಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ನಾಚಿಕೆಯಾಯಿತು.

ಶೆರಿ ಡುಕೆಟ್ ಇನ್ನೂ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡು, ಗುರುವಾರ ಗಾಡಿ ಕಳಿಸುವುದಾಗಿ ಹೇಳಿ ಹೋದಳು. ಲೋರ್ನಾ ಗಾಲಿಕುರ್ಚಿಯ ಎದುರು ನಿಂತಳು.

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ನಾನು ಆಗಲ್ಲ ಅಂದಿದ್ನಾ ಯಾವತ್ತಾದ್ರೂ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದಿತು ಯಂತ್ರ. ಕ್ಲಿಫ್‌ನ ಕಣ್ಣು ಮತ್ತೆ ಅಕ್ಷರಗಳ ಮೇಲೆ ಓಡಿತು, "ದಿನಾ ಬಾ. ನಿದ್ದೆ ಮಾಡಿ ಬಾ."

ಅವಳು ಅವನ ಭುಜಕ್ಕೆ ಹಣೆಯಿಟ್ಟು ಸದ್ದಿಲ್ಲದೆ ಅತ್ತಳು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತಳು, ಕೂತ ಎರಡೇ ನಿಮಿಷಕ್ಕೆ ಅವಳ ತಲೆ ವಾಲಿತು.

ವೇನ್ ಲ್ಯಾಪ್‌ಟಾಪಿನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದ. "ಅಲ್ಲಿ ಇದನ್ನ ಯಾರ್ಯಾರೋ ಆರಿಸ್ತಾರೆ, ಹಚ್ತಾರೆ. ನಾನಿರಲ್ಲ. ಆವತ್ತು ಬಿಟ್ಟ ಕೆಲಸ ಈಗ ಮುಗಿಸ್ಲಾ?"

ಕ್ಲಿಫ್ ಒಮ್ಮೆ ಮಿಟುಕಿಸಿದ.

ನಕಲಾಗಲು ಒಂದು ನಿಮಿಷವೂ ಹಿಡಿಯಲಿಲ್ಲ. ವೇನ್ ಪೆನ್‌ಡ್ರೈವ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಗುಂಡಿ ಒತ್ತಿದ. ಒತ್ತಿದ ಮೇಲೆ ಸದ್ದಿನ ನೆನಪಾಗಿ ಎರಡೂ ಅಂಗೈಗಳನ್ನು ಕೀಗಳ ಅಕ್ಕಪಕ್ಕದ, ಸದ್ದು ಹೊರಡುವ ತೂತುಗಳ ಮೇಲೆ ಅದುಮಿದ. ಆದರೂ ಅದು ಕೈಯ ಕೆಳಗಿನಿಂದ ಟಂಗ್ ಎಂದಿತು. ಇಬ್ಬರೂ ಒಟ್ಟಿಗೇ ಲೋರ್ನಾಳ ಕಡೆ ನೋಡಿದರು. ಅವಳು ಬಾಯಿ ತುಸು ತೆರೆದು, ಒಂದು ಚಪ್ಪಲಿ ಜಾರಿದ ಕಾಲನ್ನು ನೆಲಕ್ಕೆ ಚಾಚಿ ಮಲಗಿದ್ದಳು. ಪರದೆಯ ಮೇಲೆ ಸೊನ್ನೆಯಿರಲಿಲ್ಲ, ಬಿಳಿ ಗೆರೆ ತೆವಳುತ್ತಿತ್ತು.