ಗೋಡಂಬಿ ಕಿತ್ತ ರವೆ ಉಂಡೆ

ಹ್ಯಾಲೋವೀನ್ ಸಂಜೆ ಪರದೇಶದ ಸೆಂಬವಾಂಗಿನ ಆ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳದೇ ರಾಜ್ಯ. ಆರು ವರ್ಷದ ಶ್ರೀಯಾ ಬಾವಲಿಯ ವೇಷ ತೊಟ್ಟು ಚೀಲ ಹಿಡಿದು ಮಿಠಾಯಿ ಕೇಳುತ್ತಾ ಮನೆಯಿಂದ ಮನೆಗೆ ಹಾರುತ್ತಿದ್ದಳು. ಹಿಂದೆ ಅಜ್ಜಿ ಜಲಜಮ್ಮ, ಪ್ರತಿ ಬಾಗಿಲಲ್ಲೂ ಬೇಸರಿಸದೆ ಅದೇ ಮಾತು: "ನಟ್ಸ್ ನೋ, ಪ್ಲೀಸ್." ಹೋದ ವರ್ಷ ಒಂದು ಚೂರು ಗೋಡಂಬಿಗೆ ಮಗುವಿನ ಗಂಟಲು ಕಟ್ಟಿ ಆಸ್ಪತ್ರೆಗೆ ಓಡಿದ್ದನ್ನು ಅವರು ಮರೆತಿರಲಿಲ್ಲ.

ಕೊನೆಗೆ ಬಂದದ್ದು ನಮ್ಮವರದೇ ಮನೆ. ಮೈಸೂರು ಕಡೆಯ ರಮಾ, ದೀಪಾವಳಿಯಲ್ಲಿ ಉಳಿದಿದ್ದ ರವೆ ಉಂಡೆಯ ತಟ್ಟೆ ಹಿಡಿದೇ ಬಾಗಿಲು ತೆರೆದರು.

"ರಮಾ, ಇವಳಿಗೆ ಗೋಡಂಬಿ ಆಗಲ್ಲಮ್ಮ."

"ಅದಕ್ಕೇನು ಜಲಜಮ್ಮ," ಎನ್ನುತ್ತಾ ರಮಾ ಉಂಡೆಯ ನೆತ್ತಿಯ ಗೋಡಂಬಿಯನ್ನು ಉಗುರಿನಿಂದ ಕಿತ್ತು ತಮ್ಮ ಬಾಯಿಗೆ ಹಾಕಿಕೊಂಡು, ಉಂಡೆಯನ್ನು ಚೀಲಕ್ಕೆ ಬಿಟ್ಟರು. ಒಣಗಿದ್ದ ಉಂಡೆ ಬಿದ್ದಲ್ಲೇ ಪುಡಿಯಾಯಿತು. "ತಗೋ, ಈಗ ಏನೂ ಇಲ್ಲ."

"ಆಂಟಿ, ಕೆನಾಟ್ ಲಾ, ತಿನ್ನಬಾರದು," ಎಂದಿತು ಮಗು.

"ಲಕ್ಷ್ಮೀಪೂಜೆಗೆ ನೈವೇದ್ಯ ಆಗಿದ್ದು ಪುಟ್ಟಿ, ಬೇಡ ಅನ್ನಬಾರದು. ನಮ್ಮ ಕಾಲದಲ್ಲಿ ಈ ಅಲರ್ಜಿಗಿಲರ್ಜಿ ಎಲ್ಲಿತ್ತು ಹೇಳಿ ಜಲಜಮ್ಮ? ಚೂರುಚೂರೇ ಕೊಟ್ಟು ರೂಢಿ ಮಾಡಿಸ್ಬೇಕು."

ಜಲಜಮ್ಮ ಸಿಟ್ಟು ನುಂಗಬಲ್ಲವರು. ಅತ್ತೆಯ ಬೈಗುಳ, ನಾದಿನಿಯ ಕೊಂಕು ಎಲ್ಲವನ್ನೂ ನುಂಗಿ ಮನೆ ನಡೆಸಿದವರು. ಇದು ಮಾತ್ರ ಇಳಿಯಲಿಲ್ಲ.

"ನಮ್ಮ ಕಾಲದಲ್ಲೂ ಇತ್ತು ರಮಾ. ಕೂಸು ನೀಲಿಗಟ್ಟಿ ಹೋದ್ರೆ ದೃಷ್ಟಿ ತಾಕ್ತು ಅಂತ ಮಣ್ಣು ಮಾಡಿ ಬರ್ತಿದ್ವಿ. ಹೆಸರು ಗೊತ್ತಿರ್ಲಿಲ್ಲ, ಅಷ್ಟೆ."

"ಮಗು ಮುಂದೆ ಎಂಥ ಮಾತು ಆಡ್ತೀರಿ. ನಾನು ಪ್ರೀತಿಯಿಂದ ಕೊಟ್ಟೆ."

"ಪ್ರೀತಿ ಇದ್ದಿದ್ರೆ ಹೇಳಿದ್ದು ಕೇಳಿಸ್ಕೋತಿದ್ರಿ. ಕೆಳಗಡೆ ಮನೆ ಚೀನೀ ಹೆಂಗಸು ಕನ್ನಡಕ ಹುಡುಕಿ ತಂದು, ಪ್ಯಾಕೆಟ್ ಮೇಲಿರೋದೆಲ್ಲ ಓದಿ ಕೊಟ್ಳು. ನಿಮಗೆ ಕನ್ನಡದಲ್ಲೇ ಹೇಳಿದೆ."

ಜಲಜಮ್ಮ ಚೀಲದೊಳಗೆ ಇಣುಕಿದರು. ಉಂಡೆಯ ಪುಡಿ ಎಲ್ಲ ಮಿಠಾಯಿಗಳ ಮೇಲೂ ಹರಡಿತ್ತು. ಅದರಲ್ಲಿ ಗೋಡಂಬಿ ಚೂರುಗಳು ಕಾಣುತ್ತಿದ್ದವು. "ಇದರಲ್ಲಿರೋ ಒಂದನ್ನೂ ಇವಳು ಇನ್ನು ಮುಟ್ಟೋ ಹಾಗಿಲ್ಲ," ಎಂದರು.

ಶ್ರೀಯಾಳ ಮುಖ ಸಪ್ಪಗಾಯಿತು. "ಎಲ್ಲಾನೂ ಬಿಸಾಕ್ಬೇಕಾ ಅಜ್ಜಿ? ನಾನು ಒಂದೂ ತಿಂದೇ ಇಲ್ವಲ್ಲ." ಕಣ್ಣಿಗೆ ಬಳಿದಿದ್ದ ಕಪ್ಪು ಕೆನ್ನೆಗೆ ಇಳಿಯತೊಡಗಿತು.

ಜಲಜಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಚೀಲವನ್ನು ರಮಾ ಕೈಗೆ ಕೊಟ್ಟರು. "ಯಾಕೆ ಬಿಸಾಕ್ಬೇಕು ಅಂತ ಅವಳಿಗೆ ನೀವೇ ಹೇಳಿ."

ರಮಾ ತಟ್ಟೆ ಕೆಳಗಿಟ್ಟು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೆನ್ನೆ ಒರೆಸಲು ಕೈ ಚಾಚಿದಾಗ ಜಲಜಮ್ಮ ಗೋಡಂಬಿ ಕಿತ್ತ ಆ ಕೈಯನ್ನು ಅಲ್ಲೇ ಹಿಡಿದರು.

"ಮೊದಲು ಸೋಪು ಹಾಕಿ ತೊಳ್ಕೊಂಡು ಬನ್ನಿ. ನಾವು ಇಲ್ಲೇ ನಿಂತಿರ್ತೀವಿ."